ಕಾಡು ಯಾರದು? ಕಾಯುವವರು ಯಾರು?



ಮನೆಗೆ ಹಕ್ಕುಪತ್ರ ಇದೆ. ಹೊಲಕ್ಕೆ ಪಹಣಿ ಇದೆ. ಕೊಟ್ಟಿಗೆಯ ಎಮ್ಮೆ ಯಾರದು ಅಂದರೆ ಊರಿಗೆಲ್ಲ ಗೊತ್ತು. ಹಾಗಾದರೆ ಊರಾಚೆಯ ಗುಡ್ಡ ಯಾರದು? ಗುಡ್ಡದ ಮೇಲಿನ ಕಾಡು ಯಾರದು?

"ಸರ್ಕಾರದ್ದು" ಅಂತ ಒಬ್ಬರು ಹೇಳ್ತಾರೆ. "ನಮ್ಮ ಊರಿನದು" ಅಂತ ಇನ್ನೊಬ್ಬರು. "ಯಾರದಾದ್ರೆ ನಮಗೇನು? ಒಂದು ಹೊರೆ ಸೌದೆ ಸಿಕ್ಕಿದ್ರೆ ಸಾಕು" ಅಂತ ಮತ್ತೊಬ್ಬರು.

ಈ ಮೂರನೆಯ ಮಾತನ್ನು ಸ್ವಲ್ಪ ಯೋಚಿಸಿ ನೋಡೋಣ. ಆ ಒಂದು ಹೊರೆ ಸೌದೆ ನಾಳೆಯೂ ಸಿಗಬೇಕೋ ಬೇಡವೋ? ನಮ್ಮ ಮಗಳಿಗೂ ಸಿಗಬೇಕೋ ಬೇಡವೋ? ಸಿಗಬೇಕು ಅಂದರೆ ಕಾಡು ಯಾರದು, ಅದನ್ನು ಕಾಯುವವರು ಯಾರು ಅಂತ ನಾವು ಕೇಳಲೇಬೇಕು.

ಕಾಡಿನ ಕೆಲಸ ಹೆಚ್ಚಾಗಿ ನಮ್ಮದೇ. ಸೌದೆ ತರುವವರು ನಾವು. ಮೇವು ಕೊಯ್ಯುವವರು ನಾವು. ದರಕು ಗುಡಿಸುವವರು ನಾವು. ನೀರು ಹೊರುವವರೂ ನಾವೇ. ಈಗ ಎಷ್ಟೋ ಮನೆಗೆ ಗ್ಯಾಸ್ ಬಂದಿದೆ, ನಿಜ. ಆದರೂ ಸ್ನಾನದ ಹಂಡೆಗೆ ಬೆಂಕಿ ಬೇಕು. ದನಕ್ಕೆ ಹುಲ್ಲು ಬೇಕು. ಕಾಡು ದೂರ ಹೋದಷ್ಟೂ ಸವೆಯುವುದು ನಮ್ಮ ಕಾಲು.

ಮೂರು ಥರದ ಜಾಗ

ನಮ್ಮ ಸುತ್ತಲಿನ ಮರಗಿಡದ ಜಾಗವನ್ನು ಮೂರು ಗುಂಪು ಮಾಡಬಹುದು.

ಒಂದು, ಸರ್ಕಾರದ ಕಾಡು. ಇದನ್ನು ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ರಿಸರ್ವ್ ಫಾರೆಸ್ಟ್ ಅಂತ ಬೋರ್ಡು ಹಾಕಿರುವುದನ್ನು ನಾವು ನೋಡಿದ್ದೇವೆ. ನಮ್ಮ ರಾಜ್ಯದ ನೆಲದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಅರಣ್ಯ ಅಂತ ಸರ್ಕಾರದ ದಾಖಲೆಯಲ್ಲಿದೆ.

ಎರಡು, ಊರವರೆಲ್ಲ ಸೇರಿ ಬಳಸುವ ಜಾಗ. ಗೋಮಾಳ, ಗುಂಡುತೋಪು, ದೇವರಕಾಡು ಇವೆಲ್ಲ ಇದೇ ಗುಂಪಿಗೆ ಬರುತ್ತವೆ. ಕಾಗದದಲ್ಲಿ ಇವು ಸರ್ಕಾರದ ಜಾಗ ಅಂತಲೇ ಇರಬಹುದು. ಆದರೆ ತಲೆತಲಾಂತರದಿಂದ ಬಳಸಿದವರು ಊರವರು.

ಮೂರು, ಖಾಸಗಿ ಜಾಗ. ಅಂದರೆ ಒಬ್ಬರ ಹೆಸರಿನಲ್ಲಿರುವ ಹೊಲ, ತೋಟ, ಹಿಡುವಳಿ. ಅಲ್ಲಿಯೂ ಮರಗಳಿರುತ್ತವೆ.

ಯಾವ ಜಾಗ ಯಾರದು ಅಂತ ತಿಳಿಯುವುದು ಹೇಗೆ? ಈಗ ನಮಗೆ ಓದಲು ಬರುತ್ತದೆ. ಸರ್ವೆ ನಂಬರು ಕೊಟ್ಟು ಪಹಣಿ ತೆಗೆಸಿ ನೋಡೋಣ. ಪಹಣಿಯ 9ನೇ ಕಲಮಿನಲ್ಲಿ ಜಾಗ ಯಾರ ಹೆಸರಿಗಿದೆ ಅಂತ ಬರೆದಿರುತ್ತದೆ. ಅಲ್ಲಿ ಒಬ್ಬರ ಹೆಸರಿರಬಹುದು. 'ಸರ್ಕಾರ' ಅಂತ ಇರಬಹುದು. 'ಗೋಮಾಳ' ಅಂತ ಇರಬಹುದು. 'ಅರಣ್ಯ' ಅಂತಲೂ ಇರಬಹುದು.

ಬೇಲಿಗೆ ನಿಲ್ಲದ ಸಂಪತ್ತು

ಹೊಲದ ಬೆಳೆ ಬೇಲಿಯೊಳಗೇ ಇರುತ್ತದೆ. ರಾಗಿ ಬೆಳೆದವರು ರಾಗಿ ಕೊಯ್ಯುತ್ತಾರೆ. ಕಾಡು ಹಾಗಲ್ಲ.

ಗುಡ್ಡದ ಮೇಲೆ ಮರ ಇದ್ದರೆ ಮಳೆ ಎಲೆಯ ಮೇಲೆ ಬೀಳುತ್ತದೆ. ನಿಧಾನವಾಗಿ ನೆಲಕ್ಕೆ ಇಳಿಯುತ್ತದೆ. ಕೆಳಗೆ ದರಕು ಇದೆ, ಬೇರು ಇದೆ. ನೀರು ಅಲ್ಲಿ ಇಂಗುತ್ತದೆ. ಮಳೆ ನಿಂತ ಮೇಲೂ ಹಳ್ಳದಲ್ಲಿ ನೀರು ಹರಿಯುತ್ತದೆ. ಮರ ಕಡಿದು ನೆಲ ಬೋಳಾದರೆ ಏನಾಗುತ್ತದೆ? ಮಳೆ ಮಣ್ಣನ್ನು ಕೊಚ್ಚಿಕೊಂಡು ಬರುತ್ತದೆ. ಆ ಮಣ್ಣು ಕೆಳಗಿನ ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಮರ ಕಡಿದವರು ಮೇಲೆ, ಕೆರೆ ಹಾಳಾದವರು ಕೆಳಗೆ.

ಕಾವೇರಿ, ಕಾಳಿ, ಶರಾವತಿ, ನೇತ್ರಾವತಿ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಆ ನೀರು ಕುಡಿಯುವ ಎಷ್ಟೋ ಜನ ಆ ಕಾಡನ್ನು ನೋಡಿಯೇ ಇಲ್ಲ.

ಮರ ಒಬ್ಬರ ಹೆಸರಿನಲ್ಲಿ ಇರಬಹುದು. ನೆರಳು, ನೀರು, ಗಾಳಿ, ಮಣ್ಣು ಮಾತ್ರ ಎಲ್ಲರಿಗೂ ಸೇರಿದ್ದು. ಅದಕ್ಕೇ ಕಾಡಿನ ಒಡೆತನದ ಪ್ರಶ್ನೆ ಅಷ್ಟು ಸುಲಭವಲ್ಲ.

"ಹಾಗಾದ್ರೆ ಎಲ್ಲ ಸರ್ಕಾರದ ಕೈಯಲ್ಲೇ ಇರಲಿ" ಅಂತ ಕೆಲವರು ಹೇಳ್ತಾರೆ. "ಬೇಡ, ಒಬ್ಬೊಬ್ಬರಿಗೆ ಹಂಚಿಬಿಡಿ. ತಮ್ಮದು ಅಂದ್ರೆ ತಾವೇ ಕಾಯ್ತಾರೆ" ಅಂತ ಇನ್ನು ಕೆಲವರು. ಯಾವುದು ಸರಿ? ನಮ್ಮ ನಾಡಿನಲ್ಲೇ ನಡೆದ ಕೆಲವು ಸಂಗತಿಗಳನ್ನು ನೋಡೋಣ. ಆಮೇಲೆ ನಾವೇ ತೀರ್ಮಾನ ಮಾಡೋಣ.

ಸರ್ಕಾರದ ಕಾಡಿನ ಎರಡು ಮುಖ

ಬಂಡೀಪುರ, ನಾಗರಹೊಳೆ ಕಾಡುಗಳ ಹೆಸರು ನಾವು ಕೇಳಿದ್ದೇವೆ. ಇವು ಸರ್ಕಾರ ಕಾಯುವ ಕಾಡುಗಳು. 2022ರ ಹುಲಿ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಅಂತ ಅಂದಾಜು ಮಾಡಿದರು. ಹುಲಿ ಬದುಕಬೇಕಾದರೆ ಜಿಂಕೆ ಬೇಕು. ಜಿಂಕೆಗೆ ಹುಲ್ಲು ಬೇಕು. ಹುಲ್ಲಿಗೆ ನೆಲ, ನೀರು ಬೇಕು. ಹುಲಿ ಉಳಿದಿದೆ ಅಂದರೆ ಕಾಡು ಉಳಿದಿದೆ ಅಂತ ಅರ್ಥ. ಇಷ್ಟು ದೊಡ್ಡ ಕಾಡನ್ನು ಒಬ್ಬರೋ ಇಬ್ಬರೋ ಕಾಯಲು ಆಗದು. ಇಲ್ಲಿ ಸರ್ಕಾರದ ಕೈ ಬೇಕೇ ಬೇಕು.

ಈಗ ಇನ್ನೊಂದು ಮುಖ ನೋಡೋಣ. ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕು. ಅಲ್ಲಿಯ ಕಾಡೂ ಸರ್ಕಾರದ್ದೇ. ಆದರೆ 1983ರಲ್ಲಿ ಅಲ್ಲಿ ಮರ ಕಡಿಯಲು ಸರ್ಕಾರವೇ ಒಪ್ಪಿಗೆ ಕೊಟ್ಟಿತ್ತು. ಗುತ್ತಿಗೆದಾರರ ಕೊಡಲಿ ಕಾಡಿಗೆ ಬಂತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಸಾಲ್ಕಣಿ ಊರಿನ ಗಂಡಸರು, ಹೆಂಗಸರು, ಮಕ್ಕಳು 1983ರ ಸೆಪ್ಟೆಂಬರಿನಲ್ಲಿ ಕಾಡಿಗೆ ನಡೆದು ಹೋದರು. ಮರಗಳನ್ನು ಅಪ್ಪಿಕೊಂಡು ನಿಂತರು. "ಕಡಿಯೋದಾದ್ರೆ ಮೊದಲು ನಮ್ಮ ಮೇಲೆ ಕೊಡಲಿ ಹಾಕಿ" ಅನ್ನುವ ಹಾಗಿತ್ತು ಆ ನಿಲುವು. 38 ದಿನ ಹೋರಾಟ ನಡೆಯಿತು. ಕಡಿಯುವುದು ನಿಂತಿತು. ಇದೇ ಅಪ್ಪಿಕೋ ಚಳವಳಿ.

ಇದಕ್ಕೂ ಮೊದಲು ಹಿಮಾಲಯದ ರೇಣಿ ಎಂಬ ಹಳ್ಳಿಯಲ್ಲಿ ಇಂಥದೇ ಕೆಲಸ ನಡೆದಿತ್ತು. ಅದು 1974ರ ಮಾರ್ಚ್ ತಿಂಗಳು. ಊರಿನಲ್ಲಿ ಗಂಡಸರು ಇರಲಿಲ್ಲ. ಗೌರಾದೇವಿ ಎಂಬ ಹೆಣ್ಣುಮಗಳು ಊರಿನ ಹೆಂಗಸರನ್ನು ಕರೆದುಕೊಂಡು ಹೋಗಿ ಮರಗಳನ್ನು ಉಳಿಸಿದರು. ಅದು ಚಿಪ್ಕೋ ಚಳವಳಿ.

ಇದರಿಂದ ತಿಳಿಯುವುದೇನು? ಕಾಡು ಸರ್ಕಾರದ್ದಾದರೆ ತಾನಾಗಿ ಉಳಿಯುತ್ತದೆ ಅಂತ ಇಲ್ಲ. ನೋಡುವ ಕಣ್ಣು, ಕೇಳುವ ಬಾಯಿ ಬೇಕು.

ಗೋಮಾಳಕ್ಕೆ ಬಂದ ನೀಲಗಿರಿ

ಈಗ ಊರವರ ಜಾಗದ ಕಥೆ.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿತು. ಅದರಲ್ಲಿ ಸರ್ಕಾರದ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದ ಪಾಲು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯದು. ಕೃತಕ ನೂಲಿನ ಬಟ್ಟೆಗೆ ಮರದ ತಿರುಳು ಬೇಕು. ಅದನ್ನು ತಯಾರಿಸುವ ಕಾರ್ಖಾನೆ ಅದು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಕಂಪನಿಗೆ ಸುಮಾರು 30,000 ಹೆಕ್ಟೇರ್ ಜಾಗ ಕೊಡುವುದು ಅಂತ ಆಯಿತು. ಅಂದರೆ ಸುಮಾರು 75,000 ಎಕರೆ.

ಆ ಜಾಗ ಖಾಲಿ ಬಿದ್ದಿದೆ ಅಂತ ಕಾಗದದಲ್ಲಿ ಕಾಣುತ್ತಿತ್ತು. ನಿಜವಾಗಿ ಖಾಲಿ ಇತ್ತೇ? ಅಲ್ಲಿ ದನ ಮೇಯುತ್ತಿದ್ದವು. ಕುರಿ ಮೇಯುತ್ತಿದ್ದವು. ಹೆಂಗಸರು ಕಟ್ಟಿಗೆ ಆರಿಸುತ್ತಿದ್ದರು. ಹೊಲ ಇಲ್ಲದವರಿಗೆ ಅದೇ ಹೊಲವಾಗಿತ್ತು. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ಮರ ಬೆಳೆದರೆ ಹೋಗುವುದು ಕಾರ್ಖಾನೆಗೆ. ಹೀಗೆ ಊರವರ ಜಾಗ ಊರವರನ್ನು ಕೇಳದೆ ಇನ್ನೊಬ್ಬರ ಕೈಗೆ ಹೋಗುವುದರಲ್ಲಿತ್ತು.

ಜನ ಸುಮ್ಮನೆ ಕೂರಲಿಲ್ಲ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಹಳ್ಳಿಗಳಲ್ಲಿ ಜನರನ್ನು ಕೂಡಿಸಿತು. ಎಸ್.ಆರ್. ಹಿರೇಮಠರು ಅದರ ಮುಂದಾಳು. ಹಿರಿಯ ಸಾಹಿತಿ ಶಿವರಾಮ ಕಾರಂತರೂ ಜೊತೆಗೂಡಿದರು. ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು.

1987ರ ನವೆಂಬರ್ 14. ಆಗಿನ ಧಾರವಾಡ ಜಿಲ್ಲೆಯ, ಈಗಿನ ಹಾವೇರಿ ಜಿಲ್ಲೆಯ ಕುಸನೂರು. ಸುಮಾರು 2,000 ಜನ ಅಲ್ಲಿ ಸೇರಿದರು. ಯಾರ ಮೇಲೂ ಕೈ ಮಾಡಲಿಲ್ಲ. ನೂರರಷ್ಟು ನೀಲಗಿರಿ ಸಸಿ ಕಿತ್ತರು. ಆ ಜಾಗದಲ್ಲಿ ಹಣ್ಣಿನ ಸಸಿ, ಮೇವಿನ ಸಸಿ ನೆಟ್ಟರು. ಇದಕ್ಕೆ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಅಂತ ಹೆಸರಾಯಿತು. ಬರೀ ಕೀಳುವುದಲ್ಲ, ಕಿತ್ತಲ್ಲಿ ನೆಡಬೇಕು. ಬೇಡ ಅಂದರೆ ಸಾಲದು, ಏನು ಬೇಕು ಅಂತಲೂ ಹೇಳಬೇಕು. ಕುಸನೂರಿನ ಜನ ಎರಡನ್ನೂ ಮಾಡಿದರು.

1988ರಲ್ಲಿ ದೇಶದ ಹೊಸ ಅರಣ್ಯ ನೀತಿ ಬಂತು. ಕಾಡಿನ ಪಕ್ಕದ ಜನರ ಸೌದೆ, ಮೇವಿನ ಅಗತ್ಯ ಮೊದಲು ಎಂದು ಅದು ಹೇಳಿತು. ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರಿಂದ ಬೆಳೆಸಿಕೊಳ್ಳಲಿ ಎಂದಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು.

ಸ್ವಂತ ಹೊಲದ ಮರ

"ಹಾಗಾದ್ರೆ ಖಾಸಗಿ ಒಡೆತನ ಅಂದ್ರೇನೇ ಕೆಟ್ಟದ್ದಾ?" ಅಂತ ನಾವು ಕೇಳಬಹುದು. ಇಲ್ಲ. ಶ್ರೀಗಂಧದ ಕಥೆ ಕೇಳಿ.

ಶ್ರೀಗಂಧ ನಮ್ಮ ನಾಡಿನ ಹೆಮ್ಮೆಯ ಮರ. ಮೈಸೂರು ಅರಸರ ಕಾಲದಿಂದ ಅದು ರಾಜಮರ. ಮರ ಯಾರ ಹೊಲದಲ್ಲಿ ಹುಟ್ಟಿದರೂ ಅದು ಸರ್ಕಾರದ್ದು. ಹೊಲದವರೇ ಅದನ್ನು ಕಾಯಬೇಕು. ಕಳುವಾದರೆ ಅವರೇ ಉತ್ತರ ಹೇಳಬೇಕು. ಆದರೆ ಮರ ಅವರದಲ್ಲ!

ಇದರಿಂದ ಏನಾಯಿತು? "ಈ ತಲೆನೋವು ಯಾರಿಗೆ ಬೇಕು?" ಅಂತ ರೈತರು ಅಂದುಕೊಂಡರು. ಬೇಲಿಯ ಪಕ್ಕ ಗಂಧದ ಸಸಿ ಕಂಡರೆ ಕಿತ್ತು ಹಾಕುವವರೂ ಇದ್ದರು. ಕಾಡಿನ ಗಂಧ ಕಳ್ಳರ ಪಾಲಾಯಿತು. ಹೊಲದ ಗಂಧ ಹುಟ್ಟಲೇ ಇಲ್ಲ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಯನ್ನು ತಿದ್ದಿದರು. ನಿಮ್ಮ ಜಾಗದಲ್ಲಿ ಬೆಳೆದ ಗಂಧದ ಮರ ನಿಮ್ಮದೇ ಅಂತ ಆಯಿತು. ಕಡಿಯಲು, ಮಾರಲು ನಿಯಮಗಳಿವೆ. ಕಳ್ಳರ ಕಾಟವೂ ಇದೆ. ಆದರೂ ಆಮೇಲೆ ರೈತರು ತಾವಾಗಿ ಗಂಧ ನೆಡಲು ಮುಂದೆ ಬಂದರು. ತಮ್ಮದು ಅಂದ ಮೇಲೆ ಕಾಯುವ ಮನಸ್ಸು ಬರುತ್ತದೆ. ಇದು ಖಾಸಗಿ ಒಡೆತನದ ಒಳ್ಳೆಯ ಗುಣ.

ಆದರೆ ಕೋಲಾರದ ಕಡೆ ಇನ್ನೊಂದು ಬಗೆ ನಡೆಯಿತು. 1980ರ ದಶಕದಲ್ಲಿ ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳಿಗೆ ನೀಲಗಿರಿ ಬಂತು. ಜಾಗ ರೈತರದೇ. ತಮ್ಮ ಹೊಲದಲ್ಲಿ ತಮಗೆ ಬೇಕಾದ್ದು ಬೆಳೆಯುವ ಹಕ್ಕು ಅವರಿಗಿದೆ. ಮಳೆ ನಂಬಲಾಗದ ಊರು. ನೀಲಗಿರಿಗೆ ಕಳೆ ಕೀಳುವುದಿಲ್ಲ, ಕಾವಲು ಬೇಡ. ಮಾರಿದರೆ ಕೈಗೆ ಒಟ್ಟಿಗೆ ದುಡ್ಡು. ಅವರ ಲೆಕ್ಕ ಅವರಿಗೆ ಸರಿಯಾಗಿಯೇ ಇತ್ತು.

ಆದರೆ ಊರಿನ ಲೆಕ್ಕ ಬೇರೆ. ರಾಗಿ ಹೊಲ ಅಂದರೆ ನಾಟಿ, ಕಳೆ, ಕೊಯ್ಲು. ಅದರಲ್ಲಿ ಕೂಲಿ ಹೆಂಗಸರಿಗೆ ಕೆಲಸ ಇತ್ತು. ರಾಗಿ ಹುಲ್ಲು ದನಕ್ಕೆ ಇತ್ತು. ನೀಲಗಿರಿ ತೋಪಿನಲ್ಲಿ ಆ ಕೆಲಸ ಇಲ್ಲ, ಆ ಹುಲ್ಲೂ ಇಲ್ಲ. ನೀಲಗಿರಿಯ ಬೇರು ಆಳಕ್ಕೆ ಇಳಿದು ಅಲ್ಲಿಯ ತೇವ ಹೀರುತ್ತದೆ. ಆ ಕಡೆ ಬಾವಿಗಳು ಬತ್ತಿದ್ದಕ್ಕೆ ಬೋರ್‌ವೆಲ್ ಹೆಚ್ಚಿದ್ದು ದೊಡ್ಡ ಕಾರಣ. ನೀಲಗಿರಿಯ ಮೇಲೆ ಮಾತ್ರ ತಪ್ಪು ಹೊರಿಸುವುದು ಸರಿಯಲ್ಲ. ಆದರೆ ನೆಲದೊಳಗಿನ ನೀರಿಗೆ ಬೇಲಿ ಇಲ್ಲ ಅನ್ನುವುದು ನಿಜ. ಒಬ್ಬರ ಹೊಲದಲ್ಲಿ ಏನು ಬೆಳೆಯುತ್ತಾರೆ ಅನ್ನುವುದು ಪಕ್ಕದವರ ಬಾವಿಗೂ ಸೇರಿದ ವಿಷಯ.

ದೇವರಕಾಡೂ ಕರಗಿತು

ಊರವರೆಲ್ಲ ಸೇರಿ ಕಾದರೆ ಎಲ್ಲವೂ ಸರಿಹೋಗುತ್ತದೆಯೇ? ಅದನ್ನೂ ನೋಡೋಣ.

ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಊರಿನ ದೇವರ ಹೆಸರಿನಲ್ಲಿ ಬಿಟ್ಟ ಕಾಡು. ಅಲ್ಲಿ ಮರ ಕಡಿಯುವಂತಿಲ್ಲ. ದೇವರ ಭಯ ಇತ್ತು, ಊರಿನ ಕಟ್ಟಳೆ ಇತ್ತು. ಹಾಗೆ ಕಾಡು ಉಳಿಯಿತು. ಕಾಲ ಕಳೆದ ಹಾಗೆ ಭಯ ಕಡಿಮೆಯಾಯಿತು. ಕಟ್ಟಳೆ ಸಡಿಲವಾಯಿತು. ದೇವರಕಾಡು ಯಾವ ಇಲಾಖೆಗೆ ಸೇರಿದ್ದು ಅನ್ನುವುದೂ ಬದಲಾಯಿತು. ಪಕ್ಕದ ಕಾಫಿ ತೋಟಗಳು ಒಳಗೆ ಸರಿದವು. ಹೀಗೆ ಎಷ್ಟೋ ಎಕರೆ ದೇವರಕಾಡು ಒತ್ತುವರಿಯಾಯಿತು.

ಎಲ್ಲರದೂ ಅಂದರೆ ಯಾರದೂ ಅಲ್ಲ ಅನ್ನುವ ಹಾಗಾದರೆ ದೇವರ ಕಾಡೂ ಉಳಿಯದು.

ಒಬ್ಬ ಹೆಣ್ಣುಮಗಳ ಉತ್ತರ

ಈಗ ನಾವು ಏನು ನೋಡಿದೆವು? ಸರ್ಕಾರದ ಕಾಡು ಉಳಿದದ್ದೂ ಇದೆ, ಅಳಿದದ್ದೂ ಇದೆ. ಖಾಸಗಿ ಒಡೆತನದಿಂದ ಒಳ್ಳೆಯದೂ ಆಗಿದೆ, ಕೆಟ್ಟದ್ದೂ ಆಗಿದೆ. ಊರವರ ಜಾಗವೂ ಹಾಗೆಯೇ. ಹಾಗಾದರೆ ಗುಟ್ಟು ಎಲ್ಲಿದೆ?

ಇದೇ ಪ್ರಶ್ನೆಯನ್ನು ಹಿಡಿದು ಜೀವನವಿಡೀ ಕೆಲಸ ಮಾಡಿದ ಒಬ್ಬ ಹೆಣ್ಣುಮಗಳಿದ್ದರು. ಅವರ ಹೆಸರು ಎಲಿನಾರ್ ಆಸ್ಟ್ರಾಮ್. ಅಮೆರಿಕದವರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆ ಬಹುಮಾನ ಪಡೆದ ಮೊದಲ ಮಹಿಳೆ ಅವರು. 2012ರಲ್ಲಿ ತೀರಿಕೊಂಡರು.

ಅವರಿಗಿಂತ ಮೊದಲು ಹಾರ್ಡಿನ್ ಎಂಬ ವಿದ್ವಾಂಸರು 1968ರಲ್ಲಿ ಒಂದು ಮಾತು ಹೇಳಿದ್ದರು. ಎಲ್ಲರಿಗೂ ಬಿಟ್ಟ ಹುಲ್ಲುಗಾವಲಿಗೆ ಎಲ್ಲರೂ ಇನ್ನೊಂದು, ಮತ್ತೊಂದು ದನ ಬಿಡುತ್ತಾರೆ. ಕೊನೆಗೆ ಹುಲ್ಲೇ ಇರುವುದಿಲ್ಲ. ಆದ್ದರಿಂದ ಅದು ಸರ್ಕಾರದ್ದಾಗಬೇಕು, ಇಲ್ಲವೇ ಖಾಸಗಿಯವರದ್ದಾಗಬೇಕು. ಇದು ಅವರ ವಾದ.

ಆಸ್ಟ್ರಾಮ್ ಅವರು ಹಳ್ಳಿಗಳಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ನೋಡಿದರು. ಸ್ವಿಟ್ಜರ್ಲೆಂಡ್ ದೇಶದ ಒಂದು ಬೆಟ್ಟದ ಹಳ್ಳಿ. ಅಲ್ಲಿ 1517ರಲ್ಲೇ ಊರವರು ಒಂದು ನಿಯಮ ಬರೆದಿಟ್ಟಿದ್ದರು. ಚಳಿಗಾಲದಲ್ಲಿ ಮನೆಯಲ್ಲಿ ಕಟ್ಟಿ ಮೇವು ಹಾಕಲು ನಿಮ್ಮಿಂದ ಎಷ್ಟು ಹಸುವಿಗೆ ಆಗುತ್ತದೋ, ಅಷ್ಟನ್ನೇ ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬಿಡಬೇಕು. ಅದಕ್ಕಿಂತ ಹೆಚ್ಚು ಬಿಡುವಂತಿಲ್ಲ. ನೂರಾರು ವರ್ಷ ಆ ಹುಲ್ಲುಗಾವಲು ಹಾಳಾಗಲಿಲ್ಲ. ಎಂಥ ಜಾಣ ಲೆಕ್ಕ ನೋಡಿ!

ಬೆಂಗಳೂರಿನ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರೂ ಆಸ್ಟ್ರಾಮ್ ಅವರ ಜೊತೆ ಕೆಲಸ ಮಾಡಿದವರು. ಬೇರೆ ಬೇರೆ ದೇಶಗಳ ಕಾಡುಗಳನ್ನು ನೋಡಿ ಇಬ್ಬರೂ ಸೇರಿ 2006ರಲ್ಲಿ ಬರೆದರು. ಅವರು ಕಂಡದ್ದು ಇದು: ಕಾಡು ಯಾರ ಹೆಸರಿನಲ್ಲಿದೆ ಅನ್ನುವುದೊಂದೇ ಅದರ ಹಣೆಬರಹ ಬರೆಯುವುದಿಲ್ಲ. ಕಾಡನ್ನು ಬಳಸುವವರೇ ನಿಯಮ ಮಾಡುವುದರಲ್ಲಿ ಸೇರಿದ್ದರೆ ಆ ನಿಯಮವನ್ನು ಅವರು ಪಾಲಿಸುತ್ತಾರೆ. ಬೇರೆಯವರು ತಪ್ಪಿದರೆ ಗಮನಿಸುತ್ತಾರೆ. ಮೇಲಿನಿಂದ ಹೇರಿದ ನಿಯಮಕ್ಕೆ ಆ ಬಲ ಇರುವುದಿಲ್ಲ.

ಆಸ್ಟ್ರಾಮ್ ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು:

1. ಜಾಗದ ಗಡಿ ಎಲ್ಲರಿಗೂ ಗೊತ್ತಿರಬೇಕು.
2. ಯಾರು ಬಳಸಬಹುದು, ಎಷ್ಟು ಬಳಸಬಹುದು ಅಂತ ಗೊತ್ತಿರಬೇಕು.
3. ನಿಯಮವನ್ನು ಬಳಸುವವರೇ ಕೂತು ಮಾಡಬೇಕು.
4. ಕಾವಲು ಇರಬೇಕು. ಕಾವಲಿನವರು ಊರಿಗೆ ಉತ್ತರ ಹೇಳಬೇಕು.
5. ತಪ್ಪಿದವರಿಗೆ ಮೊದಲು ಸಣ್ಣ ದಂಡ, ಮತ್ತೆ ತಪ್ಪಿದರೆ ದೊಡ್ಡ ದಂಡ.
6. ಜಗಳ ಬಂದರೆ ಊರಲ್ಲೇ ಬೇಗ ಬಗೆಹರಿಸುವ ದಾರಿ ಇರಬೇಕು.
7. ಊರಿನ ಈ ಹಕ್ಕನ್ನು ಸರ್ಕಾರ ಒಪ್ಪಬೇಕು.

ಈಗ ದೇವರಕಾಡಿನ ಕಥೆಯನ್ನು ಮತ್ತೆ ನೆನೆಯೋಣ. ಈ ಏಳರಲ್ಲಿ ಅಲ್ಲಿ ಯಾವುದು ತಪ್ಪಿಹೋಯಿತು? ಕುಸನೂರಿನಲ್ಲಿ ಸರ್ಕಾರ ಯಾವುದನ್ನು ಮರೆತಿತ್ತು? ಗಂಧದ ಮರಕ್ಕೆ ಯಾವುದು ಇರಲಿಲ್ಲ? ನಾವೇ ಹೇಳಬಹುದು.

ಕಾನೂನು ಏನು ಹೇಳುತ್ತದೆ?

ಸ್ವಂತ ಜಾಗದ ಮರವಾದರೂ ಮನಸ್ಸಿಗೆ ಬಂದ ಹಾಗೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಯ ಮರಗಳನ್ನು ಬಿಟ್ಟು ಉಳಿದವನ್ನು ಕಡಿಯಲು ಒಪ್ಪಿಗೆ ಬೇಕು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಒಡೆಯರು ಯಾರೇ ಆಗಿರಲಿ, ಕಾಡು ಕಾಡೇ. ಅದಕ್ಕೆ ಅರಣ್ಯ ಕಾಯ್ದೆ ಅನ್ವಯಿಸುತ್ತದೆ ಎಂದಿತು.

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದವರಿಗೆ ಇದು ಹಕ್ಕು ಕೊಡುತ್ತದೆ. ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ಇದ್ದವರಾಗಿರಬೇಕು. ಬೇರೆಯವರು ಆ ದಿನಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬಾಳಿರಬೇಕು. ಈ ಕಾಯ್ದೆಯಲ್ಲಿ ಎರಡು ಬಗೆಯ ಹಕ್ಕು ಇದೆ. ಒಂದು, ಮನೆಯವರು ಉಳುವ ಜಾಗದ ಹಕ್ಕು. ಇನ್ನೊಂದು, ಊರಿಗೆ ಊರೇ ಸೇರಿ ಕಾಡನ್ನು ಬಳಸುವ, ಕಾಯುವ ಹಕ್ಕು. ಜೇನು, ಸೀಗೆಕಾಯಿ, ನೆಲ್ಲಿಕಾಯಿ, ಅಂಟುವಾಳ ಇಂಥವನ್ನು ತರುವ, ಮಾರುವ ಹಕ್ಕೂ ಇದೆ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಇದ್ದಾರೆ. ಅದು ಹುಲಿ ಕಾಡು. ಅಲ್ಲಿಯ ಸೋಲಿಗರ ಊರುಗಳಿಗೆ 2011ರಲ್ಲಿ ಈ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಕಾಡಿನಲ್ಲಿ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಸರ್ಕಾರದ ಕಾಡಿನಲ್ಲೂ ಊರವರ ಹಕ್ಕು ಇರಬಹುದು ಅನ್ನುವುದಕ್ಕೆ ಇದು ಸಾಕ್ಷಿ.

ಈ ಕಾಯ್ದೆಯಲ್ಲಿ ಹೆಂಗಸರಾದ ನಾವು ಬಾಯಿಪಾಠ ಮಾಡಬೇಕಾದ ಮೂರು ಮಾತಿವೆ.

ಒಂದು: ಉಳುವ ಜಾಗದ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು.

ಎರಡು: ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರು ಇರಬೇಕು.

ಮೂರು: ಇದಕ್ಕಾಗಿ ಕರೆಯುವ ಗ್ರಾಮ ಸಭೆಗೆ ಅರ್ಧದಷ್ಟು ಜನ ಬರಬೇಕು. ಬಂದವರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರೇ ಇರಬೇಕು.

ಅಂದರೆ ನಾವು ಹೋಗದಿದ್ದರೆ ಆ ಸಭೆ ಸಭೆಯೇ ಅಲ್ಲ!

ಸಭೆಯಲ್ಲಿ ಕೇಳೋಣ

"ಸಭೆಗೆ ಹೋಗಿ ನಾವೇನು ಮಾಡೋದು? ಗಂಡಸರೇ ಮಾತಾಡ್ತಾರೆ" ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಳ್ಳುತ್ತೇವೆ. ನಿಜವೇ. ಹಿಂದೆ ಕೂತು ಸೆರಗು ಸರಿಮಾಡಿಕೊಂಡು ಎದ್ದು ಬಂದದ್ದೇ ಹೆಚ್ಚು. ಮಸಿ ಹಚ್ಚಿ ಹೆಬ್ಬೆಟ್ಟು ಒತ್ತಿದ್ದೇ ಹೆಚ್ಚು. ಯಾವುದಕ್ಕೆ ಒತ್ತಿದೆವು ಅಂತ ಗೊತ್ತಿರಲಿಲ್ಲ.

ಈಗ ಹಾಗಿಲ್ಲ. ಕಾಗದವನ್ನು ಓದಬಹುದು. ಓದಿದ ಮೇಲೆ ಸಹಿ ಹಾಕಬಹುದು. ಒಪ್ಪದಿದ್ದರೆ "ಒಪ್ಪುವುದಿಲ್ಲ" ಅಂತ ಬರೆಯಬಹುದು.

ಒಬ್ಬೊಬ್ಬರೇ ಹೋಗುವುದು ಬೇಡ. ಸಂಘದವರೆಲ್ಲ ಒಟ್ಟಿಗೆ ಹೋಗೋಣ. ಒಟ್ಟಿಗೆ ಕೂರೋಣ. ಈ ಐದು ಪ್ರಶ್ನೆ ಕೇಳೋಣ:

ನಮ್ಮ ಊರಿನ ಗೋಮಾಳ ಎಷ್ಟು ಎಕರೆ? ಈಗ ಎಷ್ಟು ಉಳಿದಿದೆ?
ಗುಂಡುತೋಪಿನ ಗಡಿಗೆ ಕಲ್ಲು ನೆಟ್ಟಿದೆಯೇ?
ಈ ಜಾಗವನ್ನು ಯಾರಿಗಾದರೂ ಕೊಡುವ ಮಾತು ನಡೆದಿದೆಯೇ? ಊರನ್ನು ಕೇಳಿದ್ದೀರಾ?
ನೆಡುವ ಸಸಿ ಯಾವುದು? ಸೌದೆ, ಮೇವು, ಹಣ್ಣು ಕೊಡುವ ಗಿಡ ಯಾಕಾಗಬಾರದು?
ಕಾಡಿನ ಸಮಿತಿಯಲ್ಲಿ ಹೆಂಗಸರು ಎಷ್ಟು ಜನ? ಅವರಿಗೆ ಸಭೆಯ ನೋಟೀಸು ಬರುತ್ತದೆಯೇ?

ಕೇಳುವುದರ ಜೊತೆಗೆ ನಾವು ಪಾಲಿಸುವುದೂ ಇದೆ. ಹಸಿ ಮರಕ್ಕೆ ಕತ್ತಿ ಹಾಕುವುದು ಬೇಡ. ಒಣಗಿದ್ದನ್ನು ಆರಿಸೋಣ. ಎಳೆಯ ಸಸಿ ಇರುವ ಕಡೆ ಒಂದೆರಡು ವರ್ಷ ದನ ಬಿಡುವುದು ಬೇಡ, ಹುಲ್ಲು ಕೊಯ್ದು ತರೋಣ. ನೆಲ್ಲಿಕಾಯಿಗಾಗಿ ಕೊಂಬೆ ಕಡಿಯುವುದು ಬೇಡ. ಹಕ್ಕು ನಮ್ಮದು ಅಂದ ಮೇಲೆ ಕಾಯುವ ಹೊಣೆಯೂ ನಮ್ಮದೇ.

ಕಾಡು ಯಾರದು ಅಂತ ಕೇಳಿದೆವು. ಪಹಣಿಯಲ್ಲಿ ಯಾವ ಹೆಸರಾದರೂ ಇರಲಿ. ಅದನ್ನು ಬಳಸುವವರ ಮಾತು ನಡೆಯಬೇಕು. ನಿಯಮ ಇರಬೇಕು, ಕಾವಲು ಇರಬೇಕು. ಆಗ ಕಾಡು ಉಳಿಯುತ್ತದೆ. ಇವು ಇಲ್ಲದಿದ್ದರೆ ಸರ್ಕಾರದ ಹೆಸರೂ ಉಳಿಸದು, ಸಾಹುಕಾರರ ಹೆಸರೂ ಉಳಿಸದು, ದೇವರ ಹೆಸರೂ ಉಳಿಸದು.

ಹೊಸ ಪದಗಳು

ಒಡೆತನ: ಒಂದು ವಸ್ತು ಅಥವಾ ಜಾಗ ತಮ್ಮದು ಅನ್ನುವ ಹಕ್ಕು
ಖಾಸಗಿ: ಒಬ್ಬರಿಗೆ ಅಥವಾ ಒಂದು ಕಂಪನಿಗೆ ಸೇರಿದ್ದು
ಹಿಡುವಳಿ: ತಮ್ಮ ಹೆಸರಿನಲ್ಲಿರುವ ಜಮೀನು
ಒತ್ತುವರಿ: ತಮ್ಮದಲ್ಲದ ಜಾಗವನ್ನು ಸೇರಿಸಿಕೊಳ್ಳುವುದು
ಹೂಳು: ನೀರಿನೊಡನೆ ಬಂದು ಕೆರೆಯಲ್ಲಿ ತುಂಬುವ ಮಣ್ಣು
ಸಮುದಾಯ ಹಕ್ಕು: ಊರಿಗೆ ಊರೇ ಸೇರಿ ಪಡೆಯುವ ಹಕ್ಕು

ಬಿಟ್ಟ ಜಾಗ ತುಂಬೋಣ

1. ಅಪ್ಪಿಕೋ ಚಳವಳಿ ನಡೆದದ್ದು ........ ತಾಲ್ಲೂಕಿನಲ್ಲಿ.
2. ಕುಸನೂರಿನ ಸತ್ಯಾಗ್ರಹದ ಹೆಸರು ........ .
3. ಅರಣ್ಯ ಹಕ್ಕು ಕಾಯ್ದೆ ಬಂದ ವರ್ಷ ........ .
4. ಅರಣ್ಯ ಹಕ್ಕು ಸಮಿತಿಯಲ್ಲಿ ಹೆಂಗಸರು ಮೂರರಲ್ಲಿ ........ ಪಾಲಾದರೂ ಇರಬೇಕು.

ಕೂತು ಮಾತಾಡೋಣ

1. ನಮ್ಮ ಅಜ್ಜಿಯ ಕಾಲದಲ್ಲಿ ಸೌದೆಗೆ ಎಷ್ಟು ದೂರ ಹೋಗುತ್ತಿದ್ದರು? ಈಗ ಎಷ್ಟು ದೂರ?
2. ನಮ್ಮ ಊರಿನಲ್ಲಿ ಎಲ್ಲರೂ ಬಳಸುವ ಜಾಗ ಯಾವುದು? ಅದಕ್ಕೆ ಏನಾದರೂ ಕಟ್ಟಳೆ ಇದೆಯೇ?
3. ಒಬ್ಬರ ಹೊಲದ ಕೆಲಸದಿಂದ ಪಕ್ಕದವರ ನೀರಿಗೆ ತೊಂದರೆಯಾದರೆ ಏನು ಮಾಡಬೇಕು?

ಮಾಡಿ ನೋಡೋಣ

ನಾಲ್ಕು ಜನ ಸೇರಿ ಊರಿನ ನಕ್ಷೆಯನ್ನು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆಯೋಣ. ಕೆರೆ, ಗೋಮಾಳ, ಗುಂಡುತೋಪು, ಕಾಡು ಎಲ್ಲಿವೆ ಅಂತ ಗುರುತು ಹಾಕೋಣ. ಪ್ರತಿಯೊಂದರ ಪಕ್ಕ ಅದು ಯಾರದು ಅಂತ ಬರೆಯೋಣ. ಗೊತ್ತಿಲ್ಲದ ಕಡೆ ಪ್ರಶ್ನೆ ಗುರುತು ಹಾಕೋಣ. ಆ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ಗ್ರಾಮ ಸಭೆಗೆ ಹೋಗೋಣ.